ಡೇಟಾಬೇಸ್ ಬಳಕೆ: ಅಂಕಿಗಳನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಕಾಲೇಜೊಂದರ ಗ್ರಂಥಪಾಲಕಿ. ನಮ್ಮಲ್ಲಿರುವ ಎರಡು ಆನ್‌ಲೈನ್ ಡೇಟಾಬೇಸ್‌ಗಳ ಪೈಕಿ ಒಂದರ ವರದಿಯಲ್ಲಿ ಸಾವಿರಾರು ಹುಡುಕಾಟಗಳಿದ್ದರೆ, ಇನ್ನೊಂದರಲ್ಲಿ ಕೆಲವೇ ನೂರು ಇವೆ. ಎರಡನೆಯದರ ಚಂದಾ ನಿಲ್ಲಿಸಲು ಆಡಳಿತ ಮಂಡಳಿ ಸೂಚಿಸಿದೆ. ಈ ಅಂಕಿಗಳನ್ನು ನಂಬಬಹುದೇ?

ಉತ್ತರ: ಹುಡುಕಾಟದ ಸಂಖ್ಯೆಯೊಂದನ್ನೇ ನೋಡಿ ದಯವಿಟ್ಟು ಚಂದಾ ನಿಲ್ಲಿಸಬೇಡಿ. ಬೇಕಾದ ಲೇಖನ ಮೊದಲ ಸಲವೇ ಸಿಕ್ಕಿದ ಓದುಗರು ಒಂದೇ ಹುಡುಕಾಟ ನಡೆಸಿರುತ್ತಾರೆ. ಏನೂ ಸಿಗದೆ ಪದಗಳನ್ನು ಬದಲಿಸುತ್ತಾ ಬಳಲಿದವರು ಹತ್ತು ನಡೆಸಿರುತ್ತಾರೆ. ವರದಿಯಲ್ಲಿ ಎರಡನೆಯವರದೇ ಹೆಚ್ಚಿನ ಬಳಕೆಯಾಗಿ ಕಾಣುತ್ತದೆ. ಅಲ್ಲದೆ, ಒಂದೇ ವೇದಿಕೆಯಲ್ಲಿ ಹಲವು ಡೇಟಾಬೇಸ್‌ಗಳಿದ್ದರೆ, ಒಮ್ಮೆ ಟೈಪ್ ಮಾಡಿದ ಪದ ಅವುಗಳಲ್ಲಿ ಪ್ರತಿಯೊಂದರ ಲೆಕ್ಕಕ್ಕೂ ಸೇರಬಹುದು. ಓದುಗರು ತಾವೇ ಆರಿಸಿಕೊಂಡು ಹುಡುಕಿದ್ದನ್ನೂ ವ್ಯವಸ್ಥೆ ತಾನಾಗಿ ಹಲವು ಕಡೆ ಹುಡುಕಿದ್ದನ್ನೂ ವರದಿಯಲ್ಲಿ ಬೇರೆ ಬೇರೆಯಾಗಿ ತೋರಿಸಿರುತ್ತಾರೆ. ಮೊದಲು ಆ ಎರಡು ಸಾಲುಗಳನ್ನು ಬಿಡಿಸಿ ನೋಡಿ.

ಪ್ರಕಾಶಕರೆಲ್ಲ ಒಂದೇ ರೀತಿಯಲ್ಲಿ ಎಣಿಸಬೇಕೆಂಬ ಉದ್ದೇಶದಿಂದ 2002ರಲ್ಲಿ ಆರಂಭವಾದ 'ಕೌಂಟರ್' ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ, 2019ರ ಜನವರಿಯಿಂದ ಜಾರಿಗೆ ಬಂದ ತನ್ನ ಐದನೆಯ ಆವೃತ್ತಿಯಲ್ಲಿ ಎರಡು ಬಗೆಯ ಎಣಿಕೆಯನ್ನು ಮುಂದಿಟ್ಟಿತು. ಸಾರಾಂಶವನ್ನೋ ವಿವರಪುಟವನ್ನೋ ತೆರೆದರೂ ಅದು 'ಇನ್ವೆಸ್ಟಿಗೇಶನ್'. ಪೂರ್ಣಪಾಠವನ್ನೇ ತೆರೆದರೆ ಅಥವಾ ಇಳಿಸಿಕೊಂಡರೆ ಅದು 'ರಿಕ್ವೆಸ್ಟ್' ಕೂಡ ಹೌದು. ಒಂದೇ ಕೊಂಡಿಯನ್ನು 30 ಸೆಕೆಂಡುಗಳೊಳಗೆ ಎರಡು ಸಲ ಒತ್ತಿದರೆ ಒಂದೆಂದೇ ಲೆಕ್ಕ. ಓದುಗರೊಬ್ಬರು ಅದೇ ಲೇಖನವನ್ನು ಮೊದಲು ತೆರೆಯ ಮೇಲೆ ಓದಿ, ಅನಂತರ ಪಿಡಿಎಫ್ ಇಳಿಸಿಕೊಂಡರೆ ಒಟ್ಟು ರಿಕ್ವೆಸ್ಟ್ ಎರಡಾಗುತ್ತದೆ; ಆದರೆ ಆ ಒಂದು ಬಳಕೆಯ ಅವಧಿಯಲ್ಲಿ ಅನನ್ಯ ರಿಕ್ವೆಸ್ಟ್ ಒಂದೇ. ವೇದಿಕೆಯ ವಿನ್ಯಾಸದಿಂದಲೇ ಉಬ್ಬುವ ಸಂಖ್ಯೆಗೆ ಕಡಿವಾಣ ಹಾಕುವುದರಿಂದ ಹೋಲಿಕೆಗೆ ಅನನ್ಯ ರಿಕ್ವೆಸ್ಟೇ ಹೆಚ್ಚು ನಂಬಿಕೆಗೆ ಅರ್ಹವೆಂದು ನನ್ನ ಅಭಿಪ್ರಾಯ. ವಾರ್ಷಿಕ ಚಂದಾವನ್ನು ಅದರಿಂದ ಭಾಗಿಸಿದರೆ ಒಂದು ಬಳಕೆಗೆ ತಗುಲಿದ ವೆಚ್ಚ ತಿಳಿಯುತ್ತದೆ. ನಿಮ್ಮ ಎರಡನೆಯ ಡೇಟಾಬೇಸ್ ಪೂರ್ಣಪಾಠವಿಲ್ಲದೆ ಸಾರಾಂಶಗಳನ್ನು ಮಾತ್ರ ಕೊಡುವಂಥದ್ದಾಗಿದ್ದರೆ ಈ ಭಾಗಾಕಾರ ಅದಕ್ಕೆ ಅನ್ಯಾಯ ಮಾಡುತ್ತದೆ. ಅಂಥದ್ದನ್ನು ಇನ್ವೆಸ್ಟಿಗೇಶನ್‌ಗಳಿಂದಲೇ ಅಳೆಯಬೇಕು.

ಅನೇಕರು ಗಮನಿಸದ ಇನ್ನೊಂದು ವರದಿಯೂ ಉಂಟು. ಪರವಾನಗಿ ಇಲ್ಲವೆಂದೋ, ಏಕಕಾಲಕ್ಕೆ ಬಳಸಬಹುದಾದವರ ಮಿತಿ ಮೀರಿತೆಂದೋ ಓದುಗರನ್ನು ಹಿಂದಕ್ಕೆ ಕಳುಹಿಸಿದ ಸಂದರ್ಭಗಳನ್ನು ಅದು ಎಣಿಸುತ್ತದೆ. ಬೇಡಿಕೆಯಿದ್ದೂ ಪೂರೈಕೆಯಾಗದ ವಿಷಯಗಳು ನಿಮಗೆ ಕಾಣಿಸುವುದು ಅಲ್ಲಿಯೇ.

ಇಷ್ಟಾದರೂ, ಇಳಿಸಿಕೊಂಡ ಲೇಖನವನ್ನು ಓದಿದರೇ, ಅದರಿಂದ ಉಪಯೋಗವಾಯಿತೇ ಎಂಬುದನ್ನು ಯಾವ ಎಣಿಕೆಯೂ ಹೇಳಲಾರದು. ಡೇಟಾಬೇಸ್ ತೆರೆಯುವ ಹೊತ್ತಿಗೆ, ಬೋಧನೆಗೋ ಸಂಶೋಧನೆಗೋ ಪರೀಕ್ಷೆಯ ಸಿದ್ಧತೆಗೋ ಎಂದು ಒಂದೆರಡು ಪ್ರಶ್ನೆಗಳನ್ನಷ್ಟೇ ಕೇಳುವ ಕಿರು ಸಮೀಕ್ಷೆಯನ್ನು ವರ್ಷದ ಬೇರೆ ಬೇರೆ ದಿನಗಳಲ್ಲಿ ನಡೆಸಿ. ಜೊತೆಗೆ ಐದಾರು ಓದುಗರ ಪಕ್ಕದಲ್ಲಿ ಕುಳಿತು, ಅವರ ಅನುಮತಿಯಿಂದ, ಅವರು ಹುಡುಕುವ ಬಗೆಯನ್ನು ನೋಡಿ. ಯಾವ ಗುಂಡಿ ಕಣ್ಣಿಗೆ ಬೀಳಲಿಲ್ಲ, ಎಲ್ಲಿ ಕೈಬಿಟ್ಟರು ಎಂಬುದು ಆಗ ತಿಳಿಯುತ್ತದೆ. ಹಾದಿ ಸರಿಯಿಲ್ಲದ ಡೇಟಾಬೇಸನ್ನು ಬೇಡವಾದದ್ದೆಂದು ತಿಳಿಯುವುದು ಓದುಗರಿಗೆ ನಾವು ಮಾಡುವ ದೊಡ್ಡ ನಷ್ಟ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿ. ನಾನು ಓದುವ ಲೇಖನಗಳೆಲ್ಲ ನನ್ನ ಹೆಸರಿನಲ್ಲಿ ದಾಖಲಾಗುತ್ತವೆಯೇ?

ಉತ್ತರ: ಕೌಂಟರ್ ವರದಿ ಸಂಸ್ಥೆಯ ಒಟ್ಟು ಸಂಖ್ಯೆಯನ್ನು ಮಾತ್ರ ಕೊಡುತ್ತದೆ, ಅದರಲ್ಲಿ ವ್ಯಕ್ತಿಯ ಹೆಸರಿರುವುದಿಲ್ಲ. ಆದರೆ ಮನೆಯಿಂದ ಪ್ರವೇಶಿಸುವಾಗ ನಿಮ್ಮನ್ನು ಗುರುತಿಸುವ ಪ್ರಾಕ್ಸಿ ಸರ್ವರ್‌ನ ದಾಖಲೆಯಲ್ಲಿ ಬಳಕೆದಾರರ ಗುರುತು, ಸಮಯ, ತೆರೆದ ವಿಳಾಸ ಮೂರೂ ಉಳಿಯಬಹುದು. ಅಧ್ಯಯನಕ್ಕಾಗಿ ಅದನ್ನು ಬಳಸುವ ಗ್ರಂಥಾಲಯ ಮೊದಲು ಗುರುತುಗಳನ್ನು ಅಳಿಸಿ, ವಿಭಾಗ ಅಥವಾ ತರಗತಿಯಂಥ ವಿವರಗಳನ್ನಷ್ಟೇ ಇಟ್ಟುಕೊಳ್ಳಬೇಕು. ಆ ದಾಖಲೆಯನ್ನು ಎಷ್ಟು ದಿನ ಇಡುತ್ತಾರೆ, ಯಾರು ನೋಡಬಲ್ಲರು ಎಂದು ನಿಮ್ಮ ಗ್ರಂಥಪಾಲಕರನ್ನು ಸಂಕೋಚವಿಲ್ಲದೆ ಕೇಳಿ.