ಎಷ್ಟು ದಿನ ಉಪವಾಸ ಮಾಡಿದರೆ ‘ಇದು’ ಬಿಟ್ಟು ಹೋಗುತ್ತದೆ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಟ್ರಾನ್ಸ್‌ಜೆಂಡರ್ ಕ್ರೈಸ್ತ ವಿಶ್ವಾಸಿಗಳು ನನಗೆ ಬರೆಯುವ ಪತ್ರಗಳಲ್ಲಿ ಊರು ಬೇರೆ, ಸಭೆ (ಚರ್ಚ್) ಬೇರೆ; ಕೊನೆಯ ಸಾಲು ಮಾತ್ರ ಒಂದೇ: ಎಷ್ಟು ದಿನ ಉಪವಾಸ ಮಾಡಿದರೆ ಈ ಟ್ರಾನ್ಸ್ ಭಾವ ಬಿಟ್ಟು ಹೋಗುತ್ತದೆ? ಅದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಸಿಟ್ಟು ಬರೆದವರ ಮೇಲಲ್ಲ, ಆ ಪ್ರಶ್ನೆಯನ್ನು ಅವರ ತಲೆಗೆ ತುಂಬಿದವರ ಮೇಲೆ. ಟ್ರಾನ್ಸ್ ಎಂದರೇನು ಎಂಬ ಪಾಠ ಇಲ್ಲಿ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಇದನ್ನು ಮನೋರೋಗಗಳ ಅಧ್ಯಾಯದಿಂದ ತೆಗೆದುಹಾಕಿದೆ. ಅಷ್ಟು ತಿಳಿದಿದ್ದರೆ ಮುಂದೆ ಓದಬಹುದು.

ಅಕ್ಕಾರ, ನನಗ 24 ವರ್ಷ. ಹುಟ್ಟಿದ್ದು ಗಂಡಾಗಿ, ಒಳಗ ನಾ ಹೆಣ್ಣ. ಸಣ್ಣಾಕಿ ಇದ್ದಾಗಿಂದ ಸಭೆಗೆ ಹೊಂಟೇನಿ. ನಮ್ಮ ಪಾಸ್ಟರ್ ‘ಇದು ದುರಾತ್ಮದ ಕಾಟ, 21 ದಿನ ಉಪವಾಸ ಹಿಡಿ’ ಅಂದ್ರು. ಎರಡು ಸಲ ಹಿಡದೆ. ಸ್ವಲ್ಪ ದಿನ ಆರಾಮ ಅನಿಸ್ತು, ಎಲ್ಲಾರ ಮುಂದ ನಿಲ್ಲಿಸಿ ‘ಬಿಡುಗಡೆ ಆತು’ ಅಂತ ಸಾಕ್ಷಿನೂ ಹೇಳಿಸಿದ್ರು. ಆಮ್ಯಾಲ ಮತ್ತ ಮೊದಲಿನಂಗ. ನನ್ನ ನಂಬಿಕಿ ಕಡಿಮಿ ಐತೇನ್ರಿ? ಇನ್ನ ಎಷ್ಟು ದಿನ ಮಾಡಬೇಕು?
— ಕುಂದಗೋಳ ತಾಲ್ಲೂಕಿನಿಂದ

ಇದಕ್ಕಾಗಿ ಇನ್ನು ಒಂದು ಹೊತ್ತೂ ಊಟ ಬಿಡಬೇಡಿ.

ನಿಮಗೆ ‘ಆರಾಮ’ ಅನಿಸಿದ್ದು ಏಕೆಂದು ಮೊದಲು ಹೇಳುತ್ತೇನೆ, ಏಕೆಂದರೆ ಮೋಸ ಆಗುವುದು ಅಲ್ಲಿಯೇ. ಹೊಟ್ಟೆ ಖಾಲಿ, ರಾತ್ರಿಯೆಲ್ಲ ಜಾಗರಣೆ, ಸ್ಪೀಕರ್ ಅಬ್ಬರ, ಸುತ್ತಲೂ ಅಳುವ ಜನ. ಇಂಥದ್ದರಲ್ಲಿ ನಾಲ್ಕಾರು ದಿನ ಕಳೆದರೆ ಮೈ-ಮನಸ್ಸು ಎರಡೂ ಮಂಕಾಗುತ್ತವೆ. ಆಸೆ, ಸಂಕಟ, ‘ನಾನು ಯಾರು’ ಎಂಬ ಪ್ರಶ್ನೆ ಎಲ್ಲವೂ ತಣ್ಣಗಾಗುತ್ತವೆ. ಆ ಮಂಕನ್ನೇ ‘ಬಿಡುಗಡೆ’ ಎಂದು ಹೆಸರಿಟ್ಟು ಮೈಕು ಕೈಗೆ ಕೊಡುತ್ತಾರೆ. ನಾಲ್ಕು ದಿನ ರೊಟ್ಟಿ ಉಂಡು, ಸರಿಯಾಗಿ ನಿದ್ದೆ ಮಾಡಿದ ಮೇಲೆ ನೀವು ನೀವಾಗುತ್ತೀರಿ. ಆಗ ‘ನಂಬಿಕೆ ಸಾಲಲಿಲ್ಲ’ ಎಂಬ ತಪ್ಪು ನಿಮ್ಮ ತಲೆಗೇ ಬರುತ್ತದೆ, ಹೇಳಿದವರ ತಲೆಗೆ ಹೋಗುವುದಿಲ್ಲ. ಮುಂದಿನ ಸಲ ಇನ್ನೂ ಉದ್ದದ ಉಪವಾಸ. ಈ ಸುತ್ತಿಗೆ ಕೊನೆಯೇ ಇಲ್ಲ, ಮತ್ತು ಪ್ರತಿ ಸುತ್ತಿನಲ್ಲೂ ದೇವರು ನಿಮ್ಮನ್ನು ಕೈಬಿಟ್ಟ ಎಂಬ ಭಾವ ಒಂದಿಷ್ಟು ಗಟ್ಟಿಯಾಗುತ್ತದೆ.

21 ದಿನದ ಲೆಕ್ಕವನ್ನು ದಾನಿಯೇಲನ ಗ್ರಂಥದ 10ನೇ ಅಧ್ಯಾಯದಿಂದ ತೆಗೆಯುತ್ತಾರೆ. ಅಲ್ಲಿ ದಾನಿಯೇಲ ಮೂರು ವಾರ ಬಿಟ್ಟದ್ದು ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ. ಅನ್ನ-ನೀರು ಬಿಟ್ಟ ಎಂದು ಎಲ್ಲಿಯೂ ಇಲ್ಲ. ತನ್ನನ್ನು ಬೇರೆ ಮನುಷ್ಯನನ್ನಾಗಿ ಮಾಡು ಎಂದು ಅವನು ಕೇಳಿದ್ದೂ ಇಲ್ಲ. ಎರಡನೆಯ ಆಧಾರ ಮತ್ತಾಯ 17:21, ಈ ಜಾತಿಯ ದೆವ್ವ ಪ್ರಾರ್ಥನೆ-ಉಪವಾಸಗಳಿಂದಲೇ ಹೋಗುತ್ತದೆ ಎಂಬ ಮಾತು. ತೀರ ಹಳೆಯ ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ ಆ ವಚನವೇ ಇಲ್ಲ. ಅದಕ್ಕೇ ಹಲವು ಹೊಸ ಅನುವಾದಗಳು ಅದನ್ನು ಅಡಿಟಿಪ್ಪಣಿಗೆ ಇಳಿಸಿವೆ. ಮಾರ್ಕ 9:29ರಲ್ಲಿ ‘ಉಪವಾಸ’ ಎಂಬ ಮಾತಿನದೂ ಇದೇ ಕಥೆ. ಇಷ್ಟಾಗಿ ಆ ಪ್ರಸಂಗದ ಹುಡುಗ ಬೆಂಕಿಗೂ ನೀರಿಗೂ ಬೀಳುತ್ತಿದ್ದ, ಬಾಯಲ್ಲಿ ನೊರೆ ಬರುತ್ತಿತ್ತು. ಗಂಡು-ಹೆಣ್ಣಿನ ವಿಷಯ ಅಲ್ಲಿ ಸುಳಿದೂ ಇಲ್ಲ. ಪುಲ್ಪಿಟ್ (ಪ್ರಸಂಗ ಪೀಠ) ಹತ್ತುವವರು ಇಷ್ಟನ್ನಾದರೂ ಓದಿಕೊಂಡಿರಬೇಕು.

ಹಾರ್ಮೋನ್ ತೆಗೆದುಕೊಳ್ಳುವವರು ಇಲ್ಲಿ ಎರಡು ಪಟ್ಟು ಎಚ್ಚರ ಇರಿ. ಹಲವರಿಗೆ ಬರೆದುಕೊಡುವ ಸ್ಪೈರೊನೊಲ್ಯಾಕ್ಟೋನ್ ಮೂತ್ರ ಹೆಚ್ಚಿಸುವ ಮಾತ್ರೆ. ಅದನ್ನು ನುಂಗುತ್ತ ಏಪ್ರಿಲ್ ಬಿಸಿಲಿನಲ್ಲಿ ನೀರು ಬಿಟ್ಟರೆ ರಕ್ತದೊತ್ತಡ ಕುಸಿದು ಬೀಳಬಹುದು. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಶಸ್ತ್ರಚಿಕಿತ್ಸೆಯಾದವರು ‘ನಂಬಿಕೆಯಿಂದ’ ಹಾರ್ಮೋನ್ ನಿಲ್ಲಿಸಿದರೆ ಮೈ ಕುದಿಯುತ್ತದೆ, ಸುಸ್ತು ಹಿಡಿಯುತ್ತದೆ, ಬರಬರುತ್ತ ಮೂಳೆ ಸವೆಯುತ್ತದೆ. ಮಾತ್ರೆ ನಿಲ್ಲಿಸು ಅನ್ನುವ ಅಧಿಕಾರ ಬರೆದುಕೊಟ್ಟ ಡಾಕ್ಟರಿಗೆ ಮಾತ್ರ.

‘ಬಿಡುಗಡೆ ಪ್ರಾರ್ಥನೆ’ಯಲ್ಲಿ ಕೂದಲು ಹಿಡಿದು ಎಳೆದರೆ, ಕೆನ್ನೆಗೆ ಹೊಡೆದರೆ, ಕೋಣೆಯಲ್ಲಿ ಕೂಡಿಹಾಕಿದರೆ ಎದ್ದು ಹೊರಗೆ ಬನ್ನಿ, ಬಿಡದಿದ್ದರೆ 112ಕ್ಕೆ ಫೋನ್ ಮಾಡಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಹೊಡೆದವರ ಕೈಯಲ್ಲಿ ಬೈಬಲ್ ಇದ್ದರೂ ಕಾನೂನು ಅದೇ.

ಹಾಗಾದರೆ ಹೇಗೆ ಪ್ರಾರ್ಥಿಸಬೇಕು? ಪತ್ರ ಬರೆದವರಿಗೆ ನಿಜವಾಗಿ ಬೇಕಾದದ್ದು ಇದು.

‘ನನ್ನನ್ನು ಬದಲಿಸು’ ಎಂಬ ಪ್ರಾರ್ಥನೆಯನ್ನು ಕೆಳಗಿಡಿ. ಅಪೊಸ್ತಲ ಪೌಲನು ತನ್ನ ಶರೀರದ ಶೂಲ ತೆಗೆ ಎಂದು ಮೂರು ಸಲ ಬೇಡಿದ, ‘ನನ್ನ ಕೃಪೆ ನಿನಗೆ ಸಾಕು’ ಎಂಬ ಉತ್ತರ ಬಂದ ಮೇಲೆ ನಿಲ್ಲಿಸಿದ. ನೀವು ಶೂಲ ಎಂದು ನಾನು ಹೇಳುತ್ತಿಲ್ಲ, ಖಂಡಿತ ಅಲ್ಲ. ಒಂದೇ ಬೇಡಿಕೆಯನ್ನು ನಿಲ್ಲಿಸುವುದು ಅವಿಶ್ವಾಸವಾಗದು ಎಂಬುದಕ್ಕೆ ಮಾತ್ರ ಇದನ್ನು ತೆಗೆದೆ.

ಈಗ ಸತ್ಯವೇದದ 13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲೆರಡರಲ್ಲಿ ದೂರು: ಎಷ್ಟರವರೆಗೆ, ಎಷ್ಟರವರೆಗೆ ಎಂದು ಕೀರ್ತನೆಗಾರ ಮತ್ತೆ ಮತ್ತೆ ಕೇಳುತ್ತಾನೆ. ಅಲ್ಲಿ ಬೆರಳಿಟ್ಟು ನಿಲ್ಲಿ. ನಿಮ್ಮ ದೂರುಗಳನ್ನು ಮನೆಮಾತಿನಲ್ಲೇ ಹೇಳಿ. ‘ಎಷ್ಟು ದಿನ ಆ ಹೆಸರಿಗೆ ಓ ಅನ್ಲಿ? ಎಷ್ಟು ದಿನ ಕನ್ನಡಿ ನೋಡದ ತಲಿ ಹಿಕ್ಕೊಳ್ಲಿ?’ ಪುಲ್ಪಿಟ್ ಭಾಷೆ ಬಳಸಿದರೆ ಸಂಕಟ ಹೊರಗೆ ಬರುವುದಿಲ್ಲ. 3 ಮತ್ತು 4ನೇ ವಚನದಲ್ಲಿ ಬೇಡಿಕೆ. ಇಲ್ಲಿ ಈ ವಾರಕ್ಕೆ ಬೇಕಾದ ಒಂದೇ ಒಂದನ್ನು ಕೇಳಿ: ನಿದ್ದೆ, ಧಾರವಾಡದಲ್ಲೊಂದು ಬಾಡಿಗೆ ಕೋಣೆ, ಅಣ್ಣನ ಮುಂದೆ ಬಾಯಿ ಬಿಡುವ ಧೈರ್ಯ. ದೊಡ್ಡದಾಗಿ ‘ನನ್ನ ಜೀವನ ಸರಿಮಾಡು’ ಎಂದು ಕೇಳಿದರೆ ಉತ್ತರ ಬಂದದ್ದೂ ಗೊತ್ತಾಗುವುದಿಲ್ಲ. 5, 6ರಲ್ಲಿ ಭರವಸೆ. ಬಾಯಿಗೆ ಬರದಿದ್ದರೆ ಬಲವಂತ ಬೇಡ. 88ನೇ ಕೀರ್ತನೆ ಭರವಸೆಯಿಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಸತ್ಯವೇದದಲ್ಲೇ ಇದೆ. ಪ್ರಾರ್ಥನೆಯಲ್ಲಿ ನಿಮ್ಮನ್ನು ನೀವು ಕರೆದುಕೊಳ್ಳುವ ಹೆಸರನ್ನೇ ಹೇಳಿ. ಹತ್ತು-ಹದಿನೈದು ನಿಮಿಷ ಸಾಕು. ನೊಂದ ಮನಸ್ಸು ಒಂಟಿಯಾಗಿ ಗಂಟೆಗಟ್ಟಲೆ ಕುಳಿತರೆ ಪ್ರಾರ್ಥನೆ ಹೋಗಿ ತನ್ನನ್ನು ತಾನೇ ಬೈದುಕೊಳ್ಳುವ ಕೆಲಸ ಶುರುವಾಗುತ್ತದೆ.

ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಎಂದಿದ್ದಾನೆ ಕರ್ತನಾದ ಯೇಸು. ಒಂದೇ ಪಡಸಾಲೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ ಬಾಗಿಲೆಲ್ಲಿ? ಮಾಳಿಗೆ ಆಗಬಹುದು, ಉಣಕಲ್ ಕೆರೆಯ ದಂಡೆ ಆಗಬಹುದು, ವಾರದ ನಡುವೆ ಬಾಗಿಲು ತೆರೆದಿರುವ ಚರ್ಚ್ ಆಗಬಹುದು. ವಹಿಯಲ್ಲಿ ಬರೆಯುವುದಾದರೆ ಅದನ್ನು ಮನೆಯಲ್ಲಿ ಇಡಬೇಡಿ. ಇನ್ನು ಸಾಕ್ಷಿ ಹೇಳುವ ವಿಷಯ: ವೇದಿಕೆ ಮೇಲೆ ಹತ್ತಲೇಬೇಡಿ. ವಿಡಿಯೋ ಸಂಜೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ ನಿಮ್ಮೂರು ಮುಟ್ಟುತ್ತದೆ. ಈ ವಿಷಯದಲ್ಲಿ ನಾನು ಅತಿ ಎಚ್ಚರದವಳು, ಹಾಗೇ ಇರುತ್ತೇನೆ.

ಓದಲು ಒಂದೇ ಭಾಗ ಹೇಳು ಅಂದರೆ ಅಪೊಸ್ತಲರ ಕೃತ್ಯಗಳು 8:26ರಿಂದ 40. ಐಥಿಯೋಪ್ಯದ ಕಂಚುಕಿ (ಬೀಜ ತೆಗೆಸಿದ ಅರಮನೆಯ ಸೇವಕ) ಆರಾಧನೆಗೆಂದು ಯೆರೂಸಲೇಮಿಗೆ ಹೋಗಿ ಹಿಂದಿರುಗುತ್ತಿದ್ದಾನೆ. ಅಂಥವರು ಯೆಹೋವನ ಸಭೆಗೆ ಸೇರಬಾರದು ಎಂದು ಧರ್ಮೋಪದೇಶಕಾಂಡ 23:1 ಹೇಳುತ್ತದೆ. ರಥದಲ್ಲಿ ಅವನು ಓದುತ್ತಿರುವುದು ಯೆಶಾಯನ 53ನೇ ಅಧ್ಯಾಯ. ಸುರುಳಿಯನ್ನು ಇನ್ನು ಮೂರು ಅಧ್ಯಾಯ ಬಿಚ್ಚಿದರೆ 56:3-5 ಬರುತ್ತದೆ: ಕಂಚುಕಿ ತನ್ನನ್ನು ಒಣಮರ ಅನ್ನದಿರಲಿ, ಅವನಿಗೆ ಗಂಡು-ಹೆಣ್ಣು ಮಕ್ಕಳಿಗಿಂತ ಉತ್ತಮ ಹೆಸರನ್ನು ನನ್ನ ಆಲಯದಲ್ಲೇ ಕೊಡುತ್ತೇನೆ ಎಂಬ ಮಾತು. ದೀಕ್ಷಾಸ್ನಾನಕ್ಕೆ (ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಏನಡ್ಡಿ ಎಂದು ಅವನು ಕೇಳಿದಾಗ, ದಾರಿಯಲ್ಲಿ ಜೊತೆಯಾದ ಸುವಾರ್ತಿಕ ಫಿಲಿಪ್ಪ ಅವನ ಮೈ ಸರಿಹೋಗುವ ತನಕ ಕಾಯಲಿಲ್ಲ, ಇಬ್ಬರೂ ನೀರಿಗಿಳಿದರು. ಅಂದಿನ ಕಂಚುಕಿಯೂ ಇಂದಿನ ಟ್ರಾನ್ಸ್ ವ್ಯಕ್ತಿಯೂ ಒಂದೇ ಎಂದು ವಾದಿಸಬೇಡಿ, ಬಲ್ಲವರು ತಕ್ಷಣ ಹಿಡಿಯುತ್ತಾರೆ. ಮೈಯ ಕಾರಣಕ್ಕೆ ಹೊರಗೆ ನಿಲ್ಲಿಸಿದವನನ್ನು ಸಭೆ ಒಳಗೆ ಕರೆದುಕೊಂಡ ರೀತಿ ನೋಡಿ.

ಎರಡು ವಾರ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಸಾಯಬೇಕು ಅನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ, ಅಥವಾ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಮಾಡಿ. ‘ಟ್ರಾನ್ಸ್ ಆಗಿರುವುದನ್ನೇ ಬಿಡಿಸಿ ಕೊಡುತ್ತೇನೆ’ ಅನ್ನುವ ಡಾಕ್ಟರ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅದನ್ನು ವೃತ್ತಿ ದುರ್ನಡತೆ ಎಂದು ಸಾರಿದೆ. ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ.

ಇನ್ನು ಉಳಿದ ಪತ್ರಗಳ ಸಣ್ಣ ಪ್ರಶ್ನೆಗಳು.

ಅಭಿಷೇಕದ ಎಣ್ಣೆ ಕೊರಿಯರ್‌ನಲ್ಲಿ ಕಳಸತಾರಂತ, 41 ದಿನ ಹಚ್ಚಿದ್ರ ಗಂಡಸುತನ ಬರತದಂತ. ತರಸಲೇನ್ರಿ?

ಬೇಡ. ಹಣ ಕಳಿಸಿದ್ದರೆ ರಸೀದಿ ಇಟ್ಟುಕೊಂಡು ಪೊಲೀಸರಿಗೆ ಕೊಡಿ.

ಮದುವೆ ಮಾಡಿದ್ರ ಸರಿ ಹೋಗತಾನ ಅಂತ ಮನ್ಯಾಗ ಹೇಳತಾರ.

ಹೋಗುವುದಿಲ್ಲ. ಏನೂ ಅರಿಯದ ಇನ್ನೊಂದು ಹುಡುಗಿಯ ಬಾಳೂ ಹಾಳಾಗುತ್ತದೆ.

ಸೀರಿ ಉಟ್ಟು ಸಭೆಗೆ ಬಂದ್ರ, ಗಂಡಸು ಹೆಂಗಸರ ಅರಿವಿ ಉಡಬಾರದು ಅನ್ನೂ ಧರ್ಮೋಪದೇಶಕಾಂಡ 22:5 ತೋರಸತಾರ.

ಅದೇ ಅಧ್ಯಾಯದ 11ನೇ ವಚನ ಉಣ್ಣೆ-ನಾರು ಬೆರೆತ ಬಟ್ಟೆ ಬೇಡ ಅನ್ನುತ್ತದೆ, 12 ಹೊದಿಕೆಯ ನಾಲ್ಕು ಮೂಲೆಗೂ ಗೊಂಡೆ ಕಟ್ಟು ಅನ್ನುತ್ತದೆ. ತೋರಿಸಿದವರು ಅವನ್ನೂ ಪಾಲಿಸಲಿ. ನಿಮ್ಮ ನಿಜವಾದ ತೊಂದರೆ ಕೂಡುವ ಜಾಗದ್ದು: ಗಂಡಸರ ಸಾಲೋ, ಹೆಂಗಸರ ಸಾಲೋ. ಹೆಂಗಸರಲ್ಲಿ ಇಬ್ಬರ ಜೊತೆ ಮೊದಲೇ ಮಾತಾಡಿಕೊಳ್ಳಿ. ಮೊದಲ ಹಾಡಿಗೆ ಮುಂಚೆ ಬಂದು ಅವರ ನಡುವೆ ಕೂತುಬಿಡಿ. ತಡವಾಗಿ ಬಂದರೆ ಎಲ್ಲರ ಕಣ್ಣು ನಿಮ್ಮ ಮೇಲೆ. ಕರ್ತನ ಭೋಜನಕ್ಕೂ ಅವರ ಜೊತೆಗೇ ಏಳಿ.

ಹೆಸರು ಬದಲಿಸಿಕೊಂಡೇನಿ. ಮತ್ತೊಮ್ಮೆ ದೀಕ್ಷಾಸ್ನಾನ ಬೇಕೇನು?

ಬೇಡ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಇರಲಿ, ಕ್ಯಾಥೋಲಿಕ್ ಇರಲಿ, ದೀಕ್ಷಾಸ್ನಾನ ಬಾಳಿಗೊಮ್ಮೆ. ರಿಜಿಸ್ಟರಿನ ಹಳೆಯ ನಮೂದನ್ನು ಹೊಡೆದುಹಾಕಿ ಎಂದು ಹಟ ಹಿಡಿಯಬೇಡಿ, ಅಲ್ಲಿಗೇ ಕೆಲಸ ನಿಲ್ಲುತ್ತದೆ. ಹೆಸರು ಬದಲಾದ ದಾಖಲೆಯ ಪ್ರತಿ ಕೊಟ್ಟು, ಅಂಚಿನಲ್ಲಿ ಟಿಪ್ಪಣಿ ಹಾಕಿಕೊಡಿ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.

ನಾವು ಕ್ಯಾಥೋಲಿಕ್. ಟ್ರಾನ್ಸ್ ಅಂತ ಗೊತ್ತಾದ್ರ ಜ್ಞಾನಸ್ನಾನ (ದೀಕ್ಷಾಸ್ನಾನ) ಕೊಡೂದಿಲ್ಲ ಅಂತಾರ, ಖರೇನೇ?

ಸುಳ್ಳು. ಹಾರ್ಮೋನ್ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದರೂ ಇತರ ವಿಶ್ವಾಸಿಗಳಂತೆಯೇ ಜ್ಞಾನಸ್ನಾನ ಪಡೆಯಬಹುದು, ಜನರಲ್ಲಿ ಗೊಂದಲಕ್ಕೆ ಎಡೆಯಾಗಬಾರದು ಅಷ್ಟೇ ಎಂದು ವ್ಯಾಟಿಕನ್ನಿನ ವಿಶ್ವಾಸಸಿದ್ಧಾಂತ ವಿಭಾಗ 2023ರ ನವೆಂಬರ್‌ನಲ್ಲಿ ಪ್ರಕಟಿಸಿದ ಉತ್ತರದಲ್ಲಿದೆ. ಅದೇ ವಿಭಾಗ 2024ರ ಏಪ್ರಿಲ್‌ನಲ್ಲಿ ಲಿಂಗ ಬದಲಾವಣೆಯ ಚಿಕಿತ್ಸೆಯನ್ನು ವಿರೋಧಿಸಿದ್ದೂ ನಿಜ. ಎರಡನ್ನೂ ತಿಳಿದುಕೊಂಡು ಗುರುಗಳ ಹತ್ತಿರ ಹೋಗಿ, 2023ರ ಉತ್ತರದ ಪ್ರತಿ ಕೈಯಲ್ಲಿರಲಿ.

ನಮ್ಮ ಅಜ್ಜಿ ಎಲ್ಲಮ್ಮಗ ನಡಕೊಂತಿದ್ಲು, ಅದರ ಶಾಪ ನನಗ ಜೋಗಪ್ಪ ಮಾಡೇತಿ ಅಂತಾರ.

ಹಿರಿಯರ ಪಾಪವನ್ನು ಮಕ್ಕಳು ಹೊರುವುದಿಲ್ಲ ಎಂದು ಯೆಹೆಜ್ಕೇಲ 18:20 ಹೇಳುತ್ತದೆ. ಎಲ್ಲಮ್ಮನ ಸೇವೆಗೆ ನಿಂತು ಹೆಣ್ಣಾಗಿ ಬಾಳುವ ಜೋಗಪ್ಪಗಳನ್ನು ಶಾಪದ ಗುರುತು ಎಂದು ಬಳಸುವುದನ್ನೂ ಬಿಡಿ. ಮನೆಯವರು ಹೊರಗೆ ಹಾಕಿದ ಎಷ್ಟೋ ಮಕ್ಕಳಿಗೆ ಈ ಸೀಮೆಯಲ್ಲಿ ಅನ್ನ, ನೆರಳು ಕೊಟ್ಟವರು ಅವರು. ಸಭೆ ಮಾಡಬೇಕಾಗಿದ್ದ ಕೆಲಸ ಅದು.

ನನ್ನ ಮಗ ಈಗ ಮಗಳು ಅಂತಾಳ್ರಿ. ಮನಿ ಪ್ರಾರ್ಥನ್ಯಾಗ ಯಾವ ಹೆಸರು ತಗೋಳ್ಲಿ? ನಾಲಿಗಿ ಹೊರಳವಲ್ಲದು.
— ರಾಣೆಬೆನ್ನೂರಿನ ತಾಯಿ

ಅವ್ವಾರ, ಅವಳು ಕೇಳಿದ ಹೆಸರು. ಮೊದಲು ಒಬ್ಬರೇ ಇದ್ದಾಗ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ, ಆಮೇಲೆ ಊಟದ ಪ್ರಾರ್ಥನೆಯಲ್ಲಿ, ಆಮೇಲೆ ನೆಂಟರ ಮುಂದೆ. ನೆಂಟರ ಮುಂದೆ ಹೇಳುವ ಮೊದಲು ಅವಳನ್ನೇ ಕೇಳಿ, ಎಲ್ಲರಿಗೂ ಗೊತ್ತಾಗುವುದು ಅವಳಿಗೆ ಈಗಲೇ ಬೇಡವಿರಬಹುದು. ನಡುವೆ ಹಳೆಯ ಹೆಸರು ಬಾಯಿಗೆ ಬಂದರೆ ತಿದ್ದಿಕೊಂಡು ಮುಂದಿನ ಮಾತಿಗೆ ಹೋಗಿ. ಅಲ್ಲೇ ನಿಂತು ಅತ್ತು ಕ್ಷಮೆ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಹೊರೆ ಅವಳ ಮೇಲೆ ಬೀಳುತ್ತದೆ.