ಮಾರ್ಚ್‌ನಲ್ಲಿ ಗಿಡ ನೆಡಬೇಡಿ, ಮೊದಲು ಬೆಂಕಿ ಕಡೆ ನೋಡಿ

"ವಸಂತ ಬಂತು. ನಮ್ಮೂರ ಪಕ್ಕದ ಗುಡ್ಡ, ಕಾಡು ಉಳಿಸಲು ನನ್ನಂಥವರು ಏನು ಮಾಡಬಹುದು? ಗೆಳೆಯರೆಲ್ಲ ಸೇರಿ ಗಿಡ ನೆಡೋಣ ಅಂತಿದ್ದೇವೆ" ಎಂದು ಕೇಳಿದ್ದೀರಿ.

ಗಿಡ ನೆಡುವುದನ್ನು ಜೂನ್‌ಗೆ ಇಟ್ಟುಕೊಳ್ಳಿ. ಪೆಟ್ಟು ತಿಂದು ಕಲಿತವನ ಮಾತಿದು. ಒಂದು ವರ್ಷ ಯುಗಾದಿಗೆ ಮುಂಚೆ ನಾವು ಏಳೆಂಟು ಜನ ಗುಡ್ಡದ ಬುಡದಲ್ಲಿ 40 ಸಸಿ ನೆಟ್ಟೆವು. ಫೋಟೊ ಚೆನ್ನಾಗಿ ಬಂದವು. ಎರಡು ಭಾನುವಾರ ಕ್ಯಾನ್‌ನಲ್ಲಿ ನೀರು ಹೊತ್ತೆವು. ಮೂರನೇ ಭಾನುವಾರ ಯಾರೂ ಬರಲಿಲ್ಲ. ಮಳೆ ಬೀಳುವ ಹೊತ್ತಿಗೆ ಆಸರೆಗೆ ನೆಟ್ಟ ಕೋಲುಗಳಷ್ಟೇ ಉಳಿದಿದ್ದವು.

ನಾನು ತುಮಕೂರಿನ ಕಡೆಯವನು. ನಮಗೆ ಹತ್ತಿರದ ಕಾಡು ಅಂದ್ರೆ ದೇವರಾಯನದುರ್ಗ, ಜಯಮಂಗಲಿ ಹೊಳೆ ಹುಟ್ಟುವ ಬೆಟ್ಟ. ಈಗ ಅಲ್ಲಿ ಮುತ್ತುಗ ಒಂದೂ ಎಲೆಯಿಲ್ಲದೆ ಕೆಂಪಗೆ ಹೂ ಬಿಟ್ಟಿರುತ್ತದೆ. ಎಲ್ಲರೂ ತಲೆ ಎತ್ತಿ ಅದನ್ನೇ ನೋಡುತ್ತಾರೆ. ಸ್ವಲ್ಪ ಕೆಳಗೂ ನೋಡಿ. ಮೊಣಕಾಲುದ್ದ ಒಣಹುಲ್ಲು, ಅದರ ಮೇಲೆ ತರಗೆಲೆ, ನಡುನಡುವೆ ಲಂಟಾನದ ಪೊದೆ. ಒಂದು ಬೀಡಿ ತುಂಡು ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಜಾಸ್ತಿ ಕಾಡು ಸುಟ್ಟಿದ್ದು ನೆನಪಿದೆ ಅಲ್ವಾ?

ನಮ್ಮ ಕಡೆ ಕಾಡಿಗೆ ಬೆಂಕಿ ತಾನಾಗಿ ಬೀಳುವುದು ಅಪರೂಪ. ಹಚ್ಚುವವರು ಮನುಷ್ಯರೇ. ಬೆಂಕಿ ಹೋದ ಮೇಲೆ ದೊಡ್ಡ ಮರಗಳು ನಿಂತೇ ಇರುತ್ತವೆ. ಹಾಗಾಗಿ ರಸ್ತೆಯಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಸತ್ತಿರುವುದು ಎರಡು ಮೂರು ವರ್ಷದ ಎಳೆ ಸಸಿಗಳು, ನೆಲದಲ್ಲೇ ಮೊಟ್ಟೆಯಿಡುವ ಕೌಜುಗ, ಟಿಟ್ಟಿಭಗಳ ಗೂಡು, ಓಡಲಾಗದ ಆಮೆ. ಸುಟ್ಟ ಜಾಗದಲ್ಲಿ ಮೊದಲು ಚಿಗುರುವುದು ಮತ್ತೆ ಅದೇ ಲಂಟಾನ. ಮುಂದಿನ ಬೇಸಿಗೆಗೆ ಸೌದೆ ರೆಡಿ!

ಹಾಗಾಗಿ ಮೊದಲು ನಿಮ್ಮ ವಲಯ ಅರಣ್ಯ ಕಚೇರಿಗೆ ಹೋಗಿ. ಸ್ವಯಂಸೇವಕರು ಬೇಕಾ ಅಂತ ಕೇಳಿ. ಅವರು ಬೇಸಿಗೆಗೆ ಮುಂಚೆ ರಸ್ತೆ, ಗಡಿ ಪಕ್ಕದ ಹುಲ್ಲು ಸವರಿ, ಕಾವಲಿದ್ದುಕೊಂಡು ಸುಟ್ಟು ಬೆಂಕಿ ರೇಖೆ ಮಾಡಿರುತ್ತಾರೆ, ಅಂದ್ರೆ ಬೆಂಕಿ ಆಚೆ ದಾಟದಂತೆ ಬೋಳು ಮಾಡಿದ ಪಟ್ಟಿ. ಅದರ ಮೇಲೆ ಮತ್ತೆ ಉದುರಿದ ತರಗೆಲೆ ಗುಡಿಸುವುದಕ್ಕೆ ಜನ ಬೇಕೇ ಬೇಕು. ಇಡೀ ದಿನ ಪೊರಕೆ ಹಿಡಿಯುವ ಕೆಲಸ, ಫೋಟೊಗೆ ಏನೂ ಸಿಗುವುದಿಲ್ಲ. ನೀವಾಗಿ ನೀವೇ ಕಾಡಲ್ಲಿ ಕಡ್ಡಿ ಗೀರಬೇಡಿ, ಅದು ಅಪರಾಧ. ಬೇಸಿಗೆಗೆ ಮಾತ್ರ ಸೇರಿಕೊಳ್ಳುವ ಬೆಂಕಿ ಕಾವಲುಗಾರರು ಅಕ್ಕಪಕ್ಕದ ಹಳ್ಳಿಯವರೇ. ನಾವು ವಾರಕ್ಕೊಮ್ಮೆ ಅವರಿಗೆ ಮಜ್ಜಿಗೆ, ಮಂಡಕ್ಕಿ ಒಯ್ಯುತ್ತಿದ್ದೆವು. ಒಂದು ವರ್ಷ ಚಂದಾ ಎತ್ತಿ ಶೂ ಕೊಡಿಸಿದೆವು. ಅವರಲ್ಲಿ ಇಬ್ಬರು ಅಷ್ಟು ದಿನ ಹವಾಯಿ ಚಪ್ಪಲಿಯಲ್ಲೇ ಬೆಂಕಿ ಬಡಿಯುತ್ತಿದ್ದರು.

ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹತ್ತಿರದ ದೇವಸ್ಥಾನವೋ ಕೆರೆಯೋ ಗುರುತು ಹೇಳಿ. ಉತ್ಸಾಹದಲ್ಲಿ ಗುಡ್ಡ ಹತ್ತಬೇಡಿ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ನಿಮಗಿಂತ ಬೇಗ ಓಡುತ್ತದೆ.

ಫಾಲ್ಗುಣದಲ್ಲಿ ಬೆಟ್ಟದ ಮೇಲೆ ತೇರು. ಆಗ ದಾರಿ ಪಕ್ಕ ಮೂರು ಕಲ್ಲಿಟ್ಟು ಅಡುಗೆ ಮಾಡಿದವರು ಒಲೆ ಆರಿಸಿ ಹೋದರಾ ಅಂತ ನೋಡಲು ನಾಲ್ಕು ಜನ, ನಾಲ್ಕು ಬಿಂದಿಗೆ ನೀರು ಇದ್ದರೆ ಸಾಕು.

ಆದರೆ ಇದೆಲ್ಲಕ್ಕಿಂತ ಮುಖ್ಯ ಅಂತ ನನಗೆ ಅನ್ನಿಸಿದ್ದು ಕುರಿ ಮೇಯಿಸುವವರ ಜೊತೆ ಮಾತಾಡುವುದು. ಒಮ್ಮೆ ಅರಳಿಕಟ್ಟೆಯಲ್ಲಿ ಒಬ್ಬ ಅಜ್ಜನಿಗೆ ನಾನು ಬುದ್ಧಿ ಹೇಳಲು ಹೋದೆ. ಆತ ಪೂರ್ತಿ ಕೇಳಿಸಿಕೊಂಡು, "ನಾವ್ ಹಚ್ಚೋದು ಮಳೆ ಬಿದ್ರೆ ಹುಲ್ ಚಿಗುರ್ಲಿ ಅಂತ ಕಣಪ್ಪ. ನಿಮ್ ಪ್ಯಾಟೆ ಹುಡುಗ್ರು ಸಿಗರೇಟ್ ಎಸ್ದು ಹೋಗ್ತಾರಲ್ಲ, ಅವ್ರಿಗ್ ಯಾವ್ ಹುಲ್ ಬೇಕಿತ್ತು?" ಅಂದ. ಬಾಯಿ ಮುಚ್ಚಿಕೊಂಡು ಕೂತೆ. ಅವತ್ತಿಂದ ನಾನು ಬುದ್ಧಿ ಹೇಳುವುದು ಬಿಟ್ಟೆ, ಸುಮ್ನೆ ಮಾತಾಡಿಸಿಕೊಂಡು ಬರುತ್ತಿದ್ದೆ. ಬರಬರುತ್ತಾ ಹೊಗೆ ಕಂಡ ತಕ್ಷಣ ಅಜ್ಜನ ಮೊಮ್ಮಗನೇ ಫೋನ್ ಮಾಡತೊಡಗಿದ. ಬೆಳಗಿಂದ ಸಂಜೆವರೆಗೆ ಗುಡ್ಡದಲ್ಲಿ ಇರುವವರು ಅವರು ತಾನೇ?

ಗಿಡದ ಆಸೆ ಬಿಡಲಾಗದಿದ್ದರೆ ಈಗ ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ ಉದುರಿದ ಒಣಗಿದ ಕಾಯಿ ಆರಿಸಿ, ಬಟ್ಟೆ ಚೀಲದಲ್ಲಿ ಕಟ್ಟಿಡಿ. ಮಳೆ ಹಿಡಿದ ಮೇಲೆ ಬೀಜ ಬಿಡಿಸಿ ನೇರ ಮಣ್ಣಿಗೆ ಹಾಕಿ. ಮರ ಬೇಕಿಲ್ಲದ ಹುಲ್ಲುಗಾವಲಲ್ಲಿ ಬೇಡ, ಊರಂಚಿನ ಬೋಳು ಜಾಗದಲ್ಲಿ. ಹೊಂಗೆಯನ್ನೇ ಹಾಕಿ ಅಂದವನೂ ಆ ಅಜ್ಜನೇ. ಕುರಿ, ಮೇಕೆ ಅದರ ಸೊಪ್ಪಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲವಂತೆ. ನಮ್ಮ 40 ಸಸಿ ಒಣಗಿದ ಕಡೆಯೇ ಹಾಕಿದೆವು. ಹನ್ನೊಂದು ಬಂದಿವೆ, ಈಗ ನನ್ನ ಎದೆಮಟ್ಟ ಇವೆ.