ಫಿಗರ್ ಸ್ಕೇಟಿಂಗ್: ಓದುಗರು ಕೇಳಿದ್ದು, ತರಬೇತುದಾರರು ಹೇಳಿದ್ದು

ಫಿಗರ್ ಸ್ಕೇಟಿಂಗ್ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಸ್ಕೇಟಿಂಗ್ ತರಬೇತುದಾರರ ಮುಂದಿಟ್ಟಿದ್ದೆವು. ಅವರ ಉತ್ತರಗಳು ಇಲ್ಲಿವೆ.

ಮಗಳಿಗೆ ಎಂಟು ವರ್ಷ. ಇನ್‌ಲೈನ್ (ಚಕ್ರಗಳು ಒಂದೇ ಸಾಲಿನಲ್ಲಿರುವ) ಸ್ಕೇಟಿಂಗ್ ಕ್ಲಾಸಿಗೆ ಹೋಗುತ್ತಾಳೆ. ಟಿವಿಯಲ್ಲಿ ಐಸ್ ಮೇಲೆ ತಿರುಗುವುದನ್ನು ನೋಡಿದ ಮೇಲೆ ತನಗೂ ಅದೇ ಬೇಕು ಅಂತ ಹಟ ಹಿಡಿದಿದ್ದಾಳೆ. ಮೈಸೂರಿನಲ್ಲಿ ಐಸ್ ಎಲ್ಲಿಂದ ತರೋಣ? ಈಗ ಕಲಿಯುತ್ತಿರುವುದು ಮುಂದೆ ಉಪಯೋಗಕ್ಕೆ ಬರುತ್ತದೆಯೇ?
*– ಒಬ್ಬ ತಾಯಿ, ಕುವೆಂಪುನಗರ, ಮೈಸೂರು*

ಸ್ಪರ್ಧೆ ನಡೆಸುವಂಥ 60 ಮೀಟರ್ ಉದ್ದ, 30 ಮೀಟರ್ ಅಗಲದ ಐಸ್ ರಿಂಕ್ ಮೈಸೂರಿನಲ್ಲಿಲ್ಲ. ಆದರೆ ಈ ಆಟದ ಬೇರು ಐಸ್ ಅಲ್ಲ, ಎಡ್ಜ್. ದೇಹದ ಭಾರವನ್ನೆಲ್ಲ ಒಂದೇ ಕಾಲಿನ ಒಳಬದಿಗೋ ಹೊರಬದಿಗೋ ವಾಲಿಸಿ, ಆ ವಾಲಿನಿಂದಲೇ ಬಳುಕಿ ಸಾಗುವುದಕ್ಕೆ ಎಡ್ಜ್ ಎನ್ನುತ್ತಾರೆ. ಇದನ್ನು ಚಕ್ರದ ಮೇಲೂ ಕಲಿಯಬಹುದು. ಸ್ಪೀಡ್ ಕ್ಲಾಸಿನ ಇನ್‌ಲೈನ್‌ನಲ್ಲಿ ಮಾತ್ರ ಇದು ಅಷ್ಟಾಗಿ ಸಿಗುವುದಿಲ್ಲ. ಅಲ್ಲಿ ಗಮನವೆಲ್ಲ ತಳ್ಳುವುದರ ಮೇಲೆ. ನೀವು ಕೇಳಬೇಕಾದದ್ದು ‘ಆರ್ಟಿಸ್ಟಿಕ್’ ತರಬೇತಿಯನ್ನು, ಅಂದರೆ ಚಕ್ರದ ಮೇಲಿನ ಫಿಗರ್ ಸ್ಕೇಟಿಂಗನ್ನು. ಅದಕ್ಕೆ ಬೇಕಾದದ್ದು ಮುಂದೆ ಎರಡು, ಹಿಂದೆ ಎರಡು ಚಕ್ರವಿರುವ ಕ್ವಾಡ್ ಸ್ಕೇಟ್. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮ ಎರಡು ಕಂಚು ಗೆದ್ದದ್ದು ಇದೇ ಆರ್ಟಿಸ್ಟಿಕ್ ವಿಭಾಗದಲ್ಲಿ: ಒಂದು ಸಿಂಗಲ್ಸ್‌ನಲ್ಲಿ, ಇನ್ನೊಂದು ಅವನಿ ಪಂಚಾಲ್ ಜೊತೆ ಜೋಡಿಯಾಗಿ.

ಕ್ವಾಡ್ ಕೊಂಡ ಕೂಡಲೇ ಚಕ್ರಗಳ ಅಚ್ಚಿನ ಬಳಿ ಇರುವ ರಬ್ಬರ್ ಬುಶ್ ಮತ್ತು ಅದನ್ನು ಬಿಗಿಸುವ ನಟ್ ನೋಡಿ. ಮಗು ವಾಲಿದಾಗ ಆ ರಬ್ಬರ್ ಅದುಮಿಕೊಂಡು ಅಚ್ಚು ತಿರುಗಬೇಕು. ಅಂಗಡಿಯಿಂದ ಬರುವಾಗ ನಟ್ ಸಾಮಾನ್ಯವಾಗಿ ಬಿಗಿಯಾಗಿರುತ್ತದೆ. ಇಪ್ಪತ್ತೈದು ಕೆಜಿಯ ಮಗು ಎಷ್ಟು ವಾಲಿದರೂ ಸ್ಕೇಟ್ ನೇರಕ್ಕೇ ಹೋಗುತ್ತದೆ. ಆಗ ಮಗು ಕಾಲು ಎತ್ತಿಟ್ಟು ತಿರುಗುವುದನ್ನು ರೂಢಿ ಮಾಡಿಕೊಳ್ಳುತ್ತದೆ, ಆ ರೂಢಿ ಬಿಡಿಸುವುದು ಬಹಳ ಕಷ್ಟ. ನಟ್ಟನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ಸಡಿಲಿಸಿ. ಎರಡೂ ಸ್ಕೇಟ್‌ನಲ್ಲಿ ಒಂದೇ ಅಳತೆ ಇರಲಿ. ನೇರ ಹೋಗುವಾಗ ಪಾದ ಅದುರತೊಡಗಿದರೆ ಅತಿಯಾಯಿತು ಎಂದರ್ಥ, ಒಂದು ಹೆಜ್ಜೆ ಹಿಂದಕ್ಕೆ ಬಿಗಿಸಿ. ಒರಟು ಸಿಮೆಂಟ್ ನೆಲಕ್ಕೆ 78ಎ ಇಂದ 85ಎ ಗಡಸುತನದ ಮೆತ್ತನೆ ಚಕ್ರ, ನಯವಾದ ಒಳಾಂಗಣಕ್ಕೆ 92ಎಗಿಂತ ಮೇಲಿನದು. ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಗಟ್ಟಿ ಚಕ್ರ ಜಾರುತ್ತದೆ, ಅಲ್ಲಿ ಬೇಡ.

ಇನ್ನು ಅಭ್ಯಾಸ. ಮೂರು ಮೀಟರ್ ಹಗ್ಗದ ಒಂದು ತುದಿಯನ್ನು ನಡುವೆ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ವೃತ್ತ ಬರೆಯಿರಿ. ಆರು ಮೀಟರ್ ವ್ಯಾಸದ ಈ ವೃತ್ತವೇ ಆರ್ಟಿಸ್ಟಿಕ್ ಸ್ಪರ್ಧೆಯ ‘ಫಿಗರ್ಸ್’ ವಿಭಾಗದ ಅಳತೆ. ಒಂದೇ ಕಾಲಲ್ಲಿ, ಹೊರ ಎಡ್ಜ್ ಮೇಲೆ, ಗೆರೆ ಬಿಡದೆ ಮೊದಲು ಕಾಲು ವೃತ್ತ, ಆಮೇಲೆ ಅರ್ಧ. ಹೆಚ್ಚಿನ ಮಕ್ಕಳು ಗೆರೆಯಿಂದ ಒಳಗೆ ಬರುತ್ತಾರೆ. ಎತ್ತಿದ ಕಾಲನ್ನು ಅವಸರವಾಗಿ ಮುಂದಕ್ಕೆ ಬೀಸಿದಾಗ ಸೊಂಟ, ಭುಜ ಎರಡೂ ಜೊತೆಗೇ ತಿರುಗಿಬಿಡುತ್ತವೆ, ವೃತ್ತ ಕಿರಿದಾಗುತ್ತದೆ. ಎತ್ತಿದ ಕಾಲು ಅರ್ಧ ವೃತ್ತ ಮುಗಿಯುವವರೆಗೂ ಹಿಂದೆಯೇ ಇರಲಿ. ಶುರುಮಾಡುವ ಮುನ್ನ ನೆಲ ಗುಡಿಸುವುದನ್ನು ಮರೆಯಬೇಡಿ. ಒಂದೇ ಒಂದು ಮರಳಿನ ಕಾಳು ಚಕ್ರವನ್ನು ಥಟ್ಟನೆ ನಿಲ್ಲಿಸುತ್ತದೆ, ಮಗು ಮುಂದಕ್ಕೆ ಬೀಳುತ್ತದೆ.

ಮುಂದೆ ಐಸ್‌ಗೆ ಹೋದಾಗ ಬದಲಾಗುವುದು ಮುಖ್ಯವಾಗಿ ಎರಡು. ಬ್ಲೇಡು ಸುಮಾರು 4 ಮಿ.ಮೀ. ದಪ್ಪ. ಅಡಿಭಾಗ ಕಾಲುವೆಯಂತೆ ತೋಡಿರುವುದರಿಂದ ಅದಕ್ಕೆ ಎರಡು ಅಂಚು, ಹಾಗಾಗಿ ಚಕ್ರಕ್ಕಿಂತ ಆಳವಾಗಿ ವಾಲಬಹುದು. ಬ್ಲೇಡಿನ ತುದಿಯಲ್ಲಿರುವ ಹಲ್ಲುಗಳು, ಅಂದರೆ ಟೋ ಪಿಕ್, ಹೊಸಬರನ್ನು ಮುಗ್ಗರಿಸುತ್ತವೆ. ಚಕ್ರದಲ್ಲಿ ಪಾದದ ಮುಂಭಾಗದಿಂದ ತಳ್ಳುವ ಅಭ್ಯಾಸ ಇದ್ದವರಿಗಂತೂ ಇದು ಕಾಡುತ್ತದೆ. ಪಾದದ ಪಕ್ಕದಿಂದ ತಳ್ಳಲು ಈಗಲೇ ಕಲಿಸಿ.

ಲುಟ್ಸ್, ಫ್ಲಿಪ್ ಎಂಬ ಎರಡೂ ಜಂಪ್‌ಗಳು ನನಗೆ ಒಂದೇ ಥರ ಕಾಣುತ್ತವೆ. ಬಿದ್ದವರಿಗೂ ಅಂಕ ಕೊಡುತ್ತಾರೆ, ಕೆಲವೊಮ್ಮೆ ಬೀಳದವರಿಗೆ ಕಡಿಮೆ. ಲೆಕ್ಕ ಹೇಗೆ?
*– ಪದವಿ ವಿದ್ಯಾರ್ಥಿನಿ, ಮಂಡ್ಯ*

ಗಾಳಿಯಲ್ಲಿ ನೋಡಬೇಡಿ, ನೆಗೆಯುವ ಮುನ್ನಿನ ಕ್ಷಣ ನೋಡಿ. ಎಡಕ್ಕೆ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತುವ ಸ್ಕೇಟರ್ ಎಂದುಕೊಳ್ಳೋಣ. ಲುಟ್ಸ್, ಫ್ಲಿಪ್ ಎರಡರಲ್ಲೂ ಎಡಗಾಲ ಮೇಲೆ ಹಿಂದಕ್ಕೆ ಸಾಗುತ್ತಾ ಬಲಗಾಲಿನ ಟೋ ಪಿಕ್ ಚುಚ್ಚಿ ಹಾರುತ್ತಾರೆ. ಎಡಗಾಲು ಒಳ ಎಡ್ಜ್ ಮೇಲಿದ್ದರೆ ಫ್ಲಿಪ್, ಹೊರ ಎಡ್ಜ್ ಮೇಲಿದ್ದರೆ ಲುಟ್ಸ್. ಲುಟ್ಸ್‌ನಲ್ಲಿ ಸಾಗಿಬಂದ ಬಾಗು ಒಂದು ಕಡೆ, ಸುತ್ತು ಇನ್ನೊಂದು ಕಡೆ. ಅದಕ್ಕೇ ಅದು ಕಷ್ಟ. ಕೊನೇ ಗಳಿಗೆಯಲ್ಲಿ ಕಣಕಾಲು ಒಳಕ್ಕೆ ವಾಲಿಬಿಡುತ್ತದೆ, ತೀರ್ಪುಗಾರರ ಮೇಜಿನಲ್ಲಿ ತಪ್ಪು ಎಡ್ಜ್ ಎಂದು ಗುರುತು ಬೀಳುತ್ತದೆ. ಟೋ ಪಿಕ್ ಬಳಸುವ ಮೂರನೆಯದು ಟೋ ಲೂಪ್. ಸಾಲ್ಕೋ, ಲೂಪ್, ಆಕ್ಸೆಲ್ ಮೂರಕ್ಕೂ ಎಡ್ಜಿನ ಬಲವೇ ಸಾಕು. ಮುಂದಕ್ಕೆ ನೋಡುತ್ತಾ ಹಾರಿದರೆ ಅದು ಆಕ್ಸೆಲ್ಲೇ, ಅನುಮಾನ ಬೇಡ. ಇಳಿಯುವುದು ಹಿಮ್ಮುಖವಾದ್ದರಿಂದ ಅದರಲ್ಲಿ ಅರ್ಧ ಸುತ್ತು ಹೆಚ್ಚು. ನಾಲ್ಕೂವರೆ ಸುತ್ತಿನ ಆಕ್ಸೆಲ್ಲನ್ನು ಸ್ಪರ್ಧೆಯಲ್ಲಿ ಮೊದಲು ಸರಿಯಾಗಿ ಇಳಿಸಿದವರು ಅಮೆರಿಕದ ಇಲ್ಯಾ ಮಾಲಿನಿನ್, 2022ರಲ್ಲಿ.

ಲೆಕ್ಕಕ್ಕೆ ಬರೋಣ. ಟ್ರಿಪಲ್, ಅಂದರೆ ಮೂರು ಸುತ್ತಿನ ಲುಟ್ಸ್‌ನ ಮೂಲ ಬೆಲೆ 5.9. ಅದರ ಗುಣಮಟ್ಟಕ್ಕೆ ತೀರ್ಪುಗಾರರು –5ರಿಂದ +5ರವರೆಗೆ ಕೊಡುತ್ತಾರೆ, ಒಂದೊಂದು ಮೆಟ್ಟಿಲೂ ಮೂಲ ಬೆಲೆಯ ಶೇ 10. ಪೂರ್ತಿ ಸುತ್ತಿ ಬಿದ್ದರೆ –5, ಅಂದರೆ 2.95 ಹೋಯಿತು. ಬಿದ್ದದ್ದಕ್ಕೆ ಬೇರೆಯಾಗಿ 1 ಕಡಿತ. ಕೈಗೆ ಸಿಗುವುದು 1.95. ಅದೇ ಡಬಲ್ (ಎರಡೂವರೆ ಸುತ್ತಿನ) ಆಕ್ಸೆಲ್ಲನ್ನು ಸಾಧಾರಣವಾಗಿ ಇಳಿಸಿದರೂ 3.3. ಎಡ್ಜ್ ತಪ್ಪಿದರೆ ಅಥವಾ ಕಾಲು ಸುತ್ತಿಗಿಂತ ಹೆಚ್ಚು, ಅರ್ಧ ಸುತ್ತಿಗಿಂತ ಕಡಿಮೆ ಕೊರತೆಯಾದರೆ ಮೂಲ ಬೆಲೆಯೇ ಶೇ 80ಕ್ಕೆ ಇಳಿಯುತ್ತದೆ. ಬೀಳದಿದ್ದರೂ ಕಡಿಮೆ ಅಂಕ ಬರುವುದು ಹೀಗೆ. ಎಳೆ ಮಕ್ಕಳಿಗೆ ಟ್ರಿಪಲ್ ಹಾಕಿಸಲು ಆತುರಪಡುವ ತಂದೆತಾಯಂದಿರು ಈ ಲೆಕ್ಕವನ್ನು ಒಮ್ಮೆ ಕೂತು ಮಾಡಿನೋಡಬೇಕು.

ಬೂಟು ದುಬಾರಿ. ಮಗ ಬೆಳೆಯುವ ಹುಡುಗ, ಎರಡು ಸೈಜ್ ದೊಡ್ಡದು ತಂದರೆ ನಡೆಯುತ್ತದೆಯೇ?
*– ಒಬ್ಬ ತಂದೆ, ಶ್ರೀರಂಗಪಟ್ಟಣ*

ನಡೆಯುವುದಿಲ್ಲ. ಹಿಮ್ಮಡಿ ಒಳಗೆ ಎದ್ದರೆ ಎಡ್ಜ್ ಚಕ್ರಕ್ಕೆ ತಲುಪುವುದೇ ಇಲ್ಲ, ಬೊಬ್ಬೆ ಬೇರೆ. ಅರ್ಧ ಸೈಜ್‌ಗಿಂತ ಹೆಚ್ಚು ಜಾಗ ಬಿಡಬೇಡಿ. ಕಾಗದದ ಮೇಲೆ ನಿಲ್ಲಿಸಿ, ಭಾರ ಬಿಟ್ಟ ಪಾದದ ಉದ್ದವನ್ನು ಮಿ.ಮೀ. ಲೆಕ್ಕದಲ್ಲಿ ಅಳೆಯಿರಿ. ನೆಟ್ಟಗೆ ನಿಂತಾಗ ಬೆರಳು ಬೂಟಿನ ಮೂತಿಗೆ ತಾಗಿಯೂ ತಾಗದಂತೆ ಇರಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಕಾಲುಚೀಲ ತೆಳ್ಳಗಿರಲಿ. ಲೇಸು ಬೆರಳ ಬಳಿ ಸಡಿಲ, ಕಣಕಾಲು ಬಾಗುವಲ್ಲಿ ಗಟ್ಟಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ತುಸು ಸಡಿಲ. ಮೇಲೆ ಬಿಗಿದರೆ ಮಂಡಿ ಬಗ್ಗದು, ಹುಡುಗ ಸೊಂಟದಿಂದ ಮುಂದಕ್ಕೆ ಬಾಗುತ್ತಾನೆ. ಸ್ಥಿತಿ ಚೆನ್ನಾಗಿರುವ ಸೆಕೆಂಡ್ ಹ್ಯಾಂಡ್ ಬೂಟು ತರಬಹುದು. ಕಣಕಾಲಿನ ಬಳಿ ತೊಗಲು ಮಡಿಸಿಕೊಂಡು ಕುಸಿದಿದ್ದರೆ ಮಾತ್ರ ಬಿಟ್ಟುಬಿಡಿ.

ನನಗೆ ಹದಿನಾರು. ಈಗ ಶುರು ಮಾಡಿದರೆ ಅಂತರರಾಷ್ಟ್ರೀಯ ಮಟ್ಟ ಸಾಧ್ಯವೇ?
*– ಪಿಯು ವಿದ್ಯಾರ್ಥಿ, ಮದ್ದೂರು*

ಐಸ್ ಸಿಂಗಲ್ಸ್‌ನಲ್ಲಿ ತೀರಾ ಕಷ್ಟ. ಜೂನಿಯರ್ ವಿಭಾಗ 13ಕ್ಕೇ ಶುರುವಾಗಿ 19ಕ್ಕೆ ಮುಗಿಯುತ್ತದೆ. ಸೀನಿಯರ್ ಕನಿಷ್ಠ ವಯಸ್ಸನ್ನು 2022ರ ತೀರ್ಮಾನದಂತೆ 15ರಿಂದ 17ಕ್ಕೆ ಏರಿಸಿದ್ದಾರೆ. ಆ ಹೊತ್ತಿಗೆ ಎದುರಾಳಿಗಳು ಹತ್ತು ವರ್ಷ ಐಸ್ ಮೇಲೆ ಕಳೆದಿರುತ್ತಾರೆ. ಭಾರತವನ್ನು ಪ್ರತಿನಿಧಿಸಿದ ತಾರಾ ಪ್ರಸಾದ್ ತರಬೇತಿ ಪಡೆದದ್ದು ಅಮೆರಿಕದಲ್ಲಿ. ನಮ್ಮಲ್ಲಿ ಡೆಹ್ರಾಡೂನ್‌ನಲ್ಲಿ ಪೂರ್ಣ ಅಳತೆಯ ಒಳಾಂಗಣ ರಿಂಕ್ ಇದೆ, ಶಿಮ್ಲಾದ ಬಯಲು ರಿಂಕ್ ಚಳಿಗಾಲಕ್ಕೆ ಮಾತ್ರ. ರೋಲರ್ ಆರ್ಟಿಸ್ಟಿಕ್‌ನಲ್ಲಿ ಸೋಲೋ ಡ್ಯಾನ್ಸ್ ವಿಭಾಗವಿದೆ. ಅಲ್ಲಿ ದೊಡ್ಡ ಜಂಪ್‌ಗಳ ಹಂಗಿಲ್ಲ, ಎಡ್ಜ್ ಮತ್ತು ತಾಳದ ಹಿಡಿತವೇ ಮುಖ್ಯ. ಭರತನಾಟ್ಯ ಕಲಿತವರಿಗೆ ಅದು ಒಗ್ಗುತ್ತದೆ. ನಿಮಗೆ ನಮ್ಮ ಸಲಹೆ ಅದೇ. ತರಬೇತಿ ಮತ್ತು ತಾಂತ್ರಿಕ ತೀರ್ಪಿನ ಕೆಲಸಕ್ಕೂ ಅದರಿಂದ ದಾರಿಯಿದೆ.

ಅಷ್ಟು ಸುತ್ತಿದರೂ ತಲೆ ತಿರುಗುವುದಿಲ್ಲವೇ?
*– ಶಾಲಾ ಶಿಕ್ಷಕಿ, ಮೈಸೂರು*

ಮೊದಮೊದಲು ತಿರುಗುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಸುತ್ತಿದರೆ ಒಳಕಿವಿಯ ಸೂಚನೆಗೆ ಮಿದುಳು ಕೊಡುವ ಪ್ರತಿಕ್ರಿಯೆ ಮಂದವಾಗುತ್ತದೆ. ನಿಂತ ಕೂಡಲೇ ಒಂದೇ ವಸ್ತುವಿನ ಮೇಲೆ ದೃಷ್ಟಿ ನೆಡಬೇಕು. ವಾರಗಟ್ಟಲೆ ಬಿಟ್ಟು ಮತ್ತೆ ಶುರುಮಾಡಿದರೆ ತಲೆಸುತ್ತು ವಾಪಸು ಬರುತ್ತದೆ.

ಹನ್ನೆರಡರ ಮಗಳು ಸ್ಕೇಟಿಂಗ್ ಜೊತೆಗೆ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಮಂಡಿ ನೋವು ಅಂತಾಳೆ, ಒಮ್ಮೊಮ್ಮೆ ಸೊಂಟವೂ.
*– ಒಬ್ಬ ತಾಯಿ, ಸರಸ್ವತಿಪುರಂ, ಮೈಸೂರು*

ಹತ್ತುವುದು ಒಳ್ಳೆಯದು, ತೊಂದರೆಯಿರುವುದು ಇಳಿಯುವುದರಲ್ಲಿ. ಸಾವಿರದಷ್ಟು ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಯೂ ಮಂಡಿಗೆ ಪೆಟ್ಟು. ಜಂಪಿನಿಂದ ಇಳಿಯುವಾಗಲೂ ಅದೇ ಸ್ನಾಯು ಬ್ರೇಕ್ ಹಾಕಬೇಕು. ಮಂಡಿ ನೋವು ಹೋದ ಮೇಲೆ ಮೆಟ್ಟಿಲು ಹತ್ತಲಿ, ಇಳಿಯಲು ಬಸ್ಸಿದೆ.

ಸೊಂಟದ ಮಾತು ಬೇರೆ. ಎತ್ತರ ಬೇಗ ಬೇಗ ಬೆಳೆಯುವ ಈ ವಯಸ್ಸಿನಲ್ಲಿ ಹಿಂದಕ್ಕೆ ಬಾಗುವುದು, ಒಂಟಿ ಕಾಲಲ್ಲಿ ಇಳಿಯುವುದು ಎರಡೂ ಸೇರಿ ಬೆನ್ನೆಲುಬಿನ ಕೆಳಭಾಗದಲ್ಲಿ ಸಣ್ಣ ಬಿರುಕು ಬರಬಹುದು. ಒಂಟಿ ಕಾಲಲ್ಲಿ ನಿಂತು ನಿಧಾನವಾಗಿ ಹಿಂದಕ್ಕೆ ಬಾಗಲು ಹೇಳಿ. ಆಗ ಸೊಂಟದ ಒಂದು ಬದಿ ಚುಚ್ಚಿದರೆ ಜಂಪ್, ಲೇಬ್ಯಾಕ್ (ಹಿಂದಕ್ಕೆ ಬಾಗಿ ಸುತ್ತುವುದು) ಎರಡನ್ನೂ ಅಂದೇ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಎಣ್ಣೆ ತಿಕ್ಕಿ ಮತ್ತೆ ಹಾರಿಸಬೇಡಿ. ಊಟದಲ್ಲಿ ರಾಗಿ ಇರಲಿ, ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ತೂಕ ಇಳಿಸಲು ಊಟ ಬಿಡಿಸಬೇಡಿ. ಹೊಟ್ಟೆಗೆ ಸಾಲದ ಹುಡುಗಿಯರಲ್ಲಿ ಮುಟ್ಟು ತಪ್ಪುತ್ತದೆ, ಮೂಳೆ ಬೇಗ ಬಿರಿಯುತ್ತದೆ. ವೈದ್ಯರು ಒಪ್ಪಿದ ಮೇಲೆ ವೃತ್ತದ ಎಡ್ಜ್ ಅಭ್ಯಾಸದಿಂದ ಶುರುಮಾಡಿ. ಒಂದು ಸುತ್ತಿನ ಜಂಪ್ ನೋವಿಲ್ಲದೆ ಬಂದ ಮೇಲಷ್ಟೇ ಎರಡು ಸುತ್ತಿನದಕ್ಕೆ ಹೋಗಬೇಕು.